ಬ್ಲೋವರ್ ನಿಂತ ಆಯುಧಪೂಜೆ

ಮಧ್ಯಾಹ್ನ ಊಟ ಮಾಡಿ ಮಲಗಿದಾಗ ಕರೆಂಟು ಹೋದರೆ ಎಲ್ಲರಿಗೂ ಸೆಕೆಯಿಂದ ಎಚ್ಚರವಾಗುತ್ತದೆ. ನನಗೆ ಸೆಕೆ ಶುರುವಾಗುವ ಮೊದಲೇ, ಫ್ಯಾನಿನ ಸದ್ದು ಇಳಿಯುತ್ತಿದ್ದ ಹಾಗೆಯೇ ಎಚ್ಚರವಾಗಿಬಿಡುತ್ತದೆ. ಎದ್ದು ಕೂತು ಗಡಿಯಾರ ನೋಡುತ್ತೇನೆ. ನಿಂತು ಎಷ್ಟು ಹೊತ್ತಾಯಿತು ಎಂದು ಎಣಿಸುತ್ತೇನೆ. ಮನೆಯಲ್ಲಿ ಇದು ಹಳೆಯ ತಮಾಷೆ. "ಫ್ಯಾನ್ ನಿಂತ್ರೆ ಯಾರೂ ಸಾಯಲ್ಲ ಕಣೆ, ಮಲ್ಕೋ" ಎನ್ನುತ್ತಾರೆ ನನ್ನ ಗಂಡ. ಸತ್ತದ್ದನ್ನು ನೋಡಿದ್ದೇನೆ ಎಂದು ಅವರಿಗೆ ಹೇಳಲು ಹೋಗುವುದಿಲ್ಲ.

ಆಗ ನಾನು ಊರಿನ ದಕ್ಷಿಣದ ತುದಿಯಲ್ಲಿದ್ದ ಒಂದು ಚಿಕ್ಕ ಕೊಳಚೆ ನೀರು ಶುದ್ಧೀಕರಣ ಘಟಕದಲ್ಲಿ ಕೆಮಿಸ್ಟ್. ಜೆ.ಪಿ. ನಗರದ ಕೊನೆಯ ಹಂತಗಳೂ ಮುಗಿದು, ಅಂಜನಾಪುರ ಎಂದರೆ ಕಲ್ಲು ನೆಟ್ಟ ಖಾಲಿ ಸೈಟುಗಳಷ್ಟೇ ಆಗಿದ್ದ ಕಾಲ. ತಿಲಕ್ ನಗರದ ಮನೆಯಿಂದ ಎರಡು ಬಸ್ಸು, ಆಮೇಲೆ ಕಾಲು ಗಂಟೆ ನಡಿಗೆ. ಬೆಳಿಗ್ಗೆ ಹೋಗುವಾಗ ನನ್ನ ಪಕ್ಕದ ಸೀಟಿಗೆ ನೂಕುನುಗ್ಗಲು, ಸಂಜೆ ಬರುವಾಗ ಅದೇ ಸೀಟು ಖಾಲಿ. ಮೂರು ವರ್ಷದ ಮಗಳು ಬಾಗಿಲಲ್ಲೇ ಮೂಗು ಹಿಡಿದುಕೊಂಡು "ಅಮ್ಮ, ಸ್ನಾನ ಮಾಡ್ಕೊಂಡ್ ಬಾ" ಅನ್ನುತ್ತಿದ್ದಳು. ನಗುತ್ತಲೇ ಬಚ್ಚಲಿಗೆ ಹೋಗುತ್ತಿದ್ದೆ, ಆದರೆ ಎಲ್ಲ ದಿನವೂ ನಗು ಬರುತ್ತಿರಲಿಲ್ಲ. ಜಯನಗರದಲ್ಲಿದ್ದ ಇಲಾಖೆಯ ದೊಡ್ಡ ಪ್ರಯೋಗಾಲಯಕ್ಕೆ ವರ್ಗ ಮಾಡಿ ಎಂದು ಅರ್ಜಿ ಕೊಟ್ಟಿದ್ದೆ. ಈ ಅರ್ಜಿಯ ಮಾತು ಮುಂದೆ ಬರುತ್ತದೆ. ಮುಚ್ಚಿಡೋಣ ಎಂದರೂ ಬರುತ್ತದೆ.

ಕೊಳಚೆ ನೀರಿಗೆ ನಾವು ಏನೋ ಔಷಧಿ ಹಾಕುತ್ತೇವೆ ಎಂದು ಬಹಳ ಜನ ತಿಳಿದಿರುತ್ತಾರೆ. ಅಂಥದ್ದೇನಿಲ್ಲ. ಒಂದು ಉದ್ದನೆಯ ತೊಟ್ಟಿ, ನಡುವೆ ಗೋಡೆ ಹಾಕಿ ಮಾಡಿದ ಎರಡು ಓಣಿ. ಅದರಲ್ಲಿ ಹಾಲು ಕಡಿಮೆಯಾದ ಕಾಫಿಯ ಬಣ್ಣದ ನೀರು, ಆ ನೀರಿನ ತುಂಬ ಕಣ್ಣಿಗೆ ಕಾಣದ ಜೀವಿಗಳು. ಊರಿನ ಹೊಲಸನ್ನು ತಿಂದು ನೀರನ್ನು ತಿಳಿ ಮಾಡುವವರು ಅವರೇ. ಅವರಿಗೆ ಬೇಕಾದ್ದು ಎರಡು: ಹೊಟ್ಟೆಗೆ ಹೊಲಸು, ಉಸಿರಿಗೆ ಗಾಳಿ. ಹೊಲಸಿಗೆ ನಮ್ಮ ಊರಿನಲ್ಲಿ ಎಂದೂ ಕೊರತೆ ಬಂದಿಲ್ಲ. ಗಾಳಿಯನ್ನು ಬ್ಲೋವರ್ ಎಂಬ ದೊಡ್ಡ ಯಂತ್ರ ಊದುತ್ತಿತ್ತು. ಅದು ಪೈಪಿನಲ್ಲಿ ತೊಟ್ಟಿಯ ತಳಕ್ಕಿಳಿದು, ಡಿಫ್ಯೂಸರ್ ಎಂಬ ಜರಡಿಯಂಥ ಬಿಲ್ಲೆಗಳಿಂದ ಸಣ್ಣ ಗುಳ್ಳೆಗಳಾಗಿ ಮೇಲೇಳುತ್ತಿತ್ತು. ಬ್ಲೋವರಿನ ಸದ್ದು ಗೇಟಿನವರೆಗೂ ಕೇಳುತ್ತಿತ್ತು. ಹಗಲೂ ರಾತ್ರಿ ನಿಲ್ಲದ ಆ ಸದ್ದು ಎರಡು ವಾರದಲ್ಲಿ ನಮ್ಮ ಕಿವಿಗೆ ಬೀಳುವುದೇ ನಿಂತುಹೋಗುತ್ತದೆ. ನಿಂತಾಗ ಮಾತ್ರ ಗೊತ್ತಾಗುತ್ತದೆ.

ಈ ಬ್ಲೋವರನ್ನು ನೋಡಿಕೊಳ್ಳುತ್ತಿದ್ದ ಹಿರಿಯ ಆಪರೇಟರನ್ನು ಘಟಕದಲ್ಲಿ ಎಲ್ಲರೂ ಯಜಮಾನ್ರು ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆಯುತ್ತಿದ್ದೆ. ಐವತ್ತರ ಹತ್ತಿರದ ವಯಸ್ಸು, ಸಣ್ಣ ಮೈ, ಮಾತು ಕಡಿಮೆ. ಹನ್ನೆರಡು ವರ್ಷದಿಂದ ಗುತ್ತಿಗೆ ಮೇಲೇ ಇದ್ದರು. ದಿನಾ ಬೆಳಿಗ್ಗೆ ನಾನು ತೊಟ್ಟಿಯಿಂದ ಸ್ಯಾಂಪಲ್ ತಂದು ಸೂಕ್ಷ್ಮದರ್ಶಕದ ಕೆಳಗೆ ಒಂದು ಹನಿ ಇಟ್ಟು ನೋಡುವಾಗ ಬಾಗಿಲಲ್ಲಿ ಬಂದು ನಿಲ್ಲುವರು.

"ಜನ ಹೆಂಗಿದಾರೆ ಮೇಡಂ?"

ಜನ ಎಂದರೆ ತೊಟ್ಟಿಯ ಜೀವಿಗಳು. ಎಂಜಿನಿಯರುಗಳಿಗೆ ಅವು ನೀರಿನಲ್ಲಿರುವ ಕೆಸರು, ನನಗೆ ಪರೀಕ್ಷೆಗೆ ಓದಿದ ಲ್ಯಾಟಿನ್ ಹೆಸರುಗಳು. ಅವುಗಳ ಯೋಗಕ್ಷೇಮ ಕೇಳುತ್ತಿದ್ದವರು ಅವರೊಬ್ಬರೇ. ನಾನು ಸ್ಟೂಲು ಬಿಟ್ಟುಕೊಟ್ಟರೆ ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡುವರು. ಸಣ್ಣ ಕಾಂಡದಂಥ ತೊಟ್ಟಿನ ತುದಿಯಲ್ಲಿ ಗಂಟೆಯ ಹಾಗೆ ಬಾಯಿ ತೆರೆದು ಮುಚ್ಚುವ ಒಂದು ಜೀವಿಯಿದೆ, ಗಾಳಿ ಚೆನ್ನಾಗಿದ್ದರೆ ಮಾತ್ರ ಇರುತ್ತದೆ. ಅದಕ್ಕೆ ಅವರು ಗಂಟೆ ಹೂ ಎಂದು ಹೆಸರಿಟ್ಟಿದ್ದರು. "ಗಂಟೆ ಹೂ ಜಾಸ್ತಿ ಐತೆ ಇವತ್ತು, ಜನ ಚೆನ್ನಾಗವ್ರೆ" ಎಂದರೆ ಸಂಜೆ ಬರುವ ನನ್ನ ಪರೀಕ್ಷೆಯ ಫಲಿತಾಂಶವೂ ಅದನ್ನೇ ಹೇಳುತ್ತಿತ್ತು. ಮೊದಮೊದಲು ನನಗೆ ಸ್ವಲ್ಪ ಮುಖಭಂಗವಾಗುತ್ತಿತ್ತು, ಆಮೇಲೆ ಅಭ್ಯಾಸವಾಯಿತು.

ಆ ವರ್ಷ ಅವರನ್ನು ಖಾಯಂ ಮಾಡುವ ಫೈಲು ಎದ್ದಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಹಾಗೆ, ಮೇಲಿನವರು ಒಪ್ಪಿದ ಮೇಲೂ ಅದು ನಮ್ಮ ಕಾರ್ಯಪಾಲಕ ಎಂಜಿನಿಯರ ಮೇಜಿನ ಮೇಲೆ ಮಳೆಗಾಲ ಪೂರ್ತಿ ಕೂತಿತ್ತು. ಅವರನ್ನು ನಾವು ಸಾಹೇಬ್ರು ಎನ್ನುತ್ತಿದ್ದೆವು. ಕರ್ತವ್ಯಲೋಪವಿಲ್ಲ ಎಂದು ಬರೆದು ಅವರೊಂದು ಸಹಿ ಹಾಕಬೇಕಿತ್ತು. ನನ್ನ ವರ್ಗದ ಅರ್ಜಿಯೂ ಅದೇ ಮೇಜಿನ ಮೇಲಿತ್ತು.

ಆಯುಧಪೂಜೆಗೆ ನಾಲ್ಕು ದಿನ ಇರುವಾಗ ಎರಡು ಬ್ಲೋವರುಗಳಲ್ಲಿ ಒಂದರ ಬೇರಿಂಗ್ ಹೋಯಿತು. ಬಿಚ್ಚಿ ಹಾಕಿದರು, ಹೊಸ ಬೇರಿಂಗ್ ಬರಲು ಹಬ್ಬ ಕಳೆಯಬೇಕು. ಉಳಿದದ್ದು ಒಂದೇ.

ನಮ್ಮಲ್ಲಿ ಪೂಜೆಯ ಕ್ರಮ ಹೀಗಿತ್ತು: ವರ್ಷವಿಡೀ ದುಡಿದ ಯಂತ್ರವನ್ನು ಆ ದಿನ ನಿಲ್ಲಿಸಬೇಕು, ತೊಳೆದು ಒರೆಸಿ ವಿಭೂತಿ ಕುಂಕುಮ ಹಚ್ಚಿ, ಸೇವಂತಿಗೆ ಹಾರ ಹಾಕಿ, ಮಂಗಳಾರತಿಯಾದ ಮೇಲೆ ಬೂದುಗುಂಬಳ ಒಡೆದು ಮತ್ತೆ ಶುರು ಮಾಡಬೇಕು. ಮಂಗಳಾರತಿಗೆ ಮುಂಚೆ ಗುಂಡಿ ಒತ್ತುವಂತಿಲ್ಲ. ಪ್ರತಿ ವರ್ಷ ಒಂದು ಬ್ಲೋವರ್ ಪೂಜೆ ಮಾಡಿಸಿಕೊಳ್ಳುವಾಗ ಇನ್ನೊಂದು ಓಡುತ್ತಿತ್ತು, ಆಮೇಲೆ ಅದಕ್ಕೆ. ಈ ಸಲ ಏನು ಮಾಡುವುದು? ಓಡುತ್ತಿರುವುದಕ್ಕೇ ದೂರದಿಂದ ಆರತಿ ಎತ್ತೋಣ ಎಂದರು ಯಜಮಾನ್ರು. ಉಳಿದ ಕೆಲಸಗಾರರು ಒಪ್ಪಲಿಲ್ಲ. ಹಿಂದಿನ ವರ್ಷ ಫಿಟ್ಟರನ ಬೆರಳು ಬೆಲ್ಟಿಗೆ ಸಿಕ್ಕಿತ್ತು. ಆ ಸಲ ಅವಸರದಲ್ಲಿ ಕುಂಬಳಕಾಯಿ ಸರಿಯಾಗಿ ಒಡೆದಿರಲಿಲ್ಲ, ಅದಕ್ಕೇ ಹಾಗಾಯಿತು ಎಂದು ಎಲ್ಲರೂ ನಂಬಿದ್ದರು. ಫಿಟ್ಟರ್ ಆ ಬೆರಳನ್ನೇ ತೋರಿಸಿ ವಾದ ಮಾಡಿದ ಮೇಲೆ ನಿಲ್ಲಿಸಿಯೇ ಪೂಜೆ ಎಂದು ತೀರ್ಮಾನವಾಯಿತು.

ಯಜಮಾನ್ರು ಲ್ಯಾಬಿಗೆ ಬಂದರು.

"ಮೇಡಂ, ಗಾಳಿ ಇಲ್ದೆ ಜನ ಎಷ್ಟೊತ್ತು ತಡೀತಾರೆ?"

ನನಗೆ ಖುಷಿಯಾಯಿತು. ನನ್ನ ವಿದ್ಯೆಗೆ ಬೆಲೆ ಕೊಟ್ಟು ಯಾರೋ ಕೇಳಿದರು ಎಂಬ ಖುಷಿ. ಬ್ಲೋವರ್ ಮನೆಗೆ ಹೋಗಿ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದೆ: ಮೂರು ಗಂಟೆ. ಕೆಳಗೆ ಗೆರೆ ಎಳೆದೆ. "ಅದಕ್ಕಿಂತ ಒಂದು ನಿಮಿಷ ಜಾಸ್ತಿ ಬೇಡ ಯಜಮಾನ್ರೇ" ಎಂದೆ. ಅವರು ತಲೆಯಾಡಿಸಿದರು.

ಹಬ್ಬದ ದಿನ ಬೆಳಿಗ್ಗೆ ಎಂಟಕ್ಕೆ ಬ್ಲೋವರ್ ನಿಂತಿತು. ಆ ನಿಶ್ಶಬ್ದಕ್ಕೆ ನಾನು ತಯಾರಿರಲಿಲ್ಲ. ಕಾಗೆ ಕೂಗುವುದು, ದೂರದ ಕನಕಪುರ ರಸ್ತೆಯ ಲಾರಿ ಹಾರನ್ನು, ಯಾರೋ ತೆಂಗಿನಕಾಯಿ ಸುಲಿಯುವುದು ಎಲ್ಲ ಒಮ್ಮೆಗೇ ಕೇಳತೊಡಗಿತು. ತೊಟ್ಟಿಯ ಮೇಲಿನ ಗುಳ್ಳೆಗಳು ಒಂದೊಂದಾಗಿ ಒಡೆದು ನೀರು ಕನ್ನಡಿಯ ಹಾಗೆ ನಿಂತಿತು. ಚೆನ್ನಾಗಿ ಕಾಣುತ್ತಿತ್ತು. ಅದೇ ನನಗೆ ಹಿಡಿಸಲಿಲ್ಲ.

ಹತ್ತೂವರೆಗೆ ಎಲ್ಲ ಸಿದ್ಧವಾಯಿತು. ಬ್ಲೋವರಿನ ಮೇಲೆ ಹಾರ, ಎರಡೂ ಬದಿಗೆ ಬಾಳೆಕಂದು, ತಟ್ಟೆಯಲ್ಲಿ ಪುರಿ ಮತ್ತು ಕಡ್ಲೆ. ಆಗ ಫೋನು ಬಂತು. ಸಾಹೇಬ್ರು ಈ ಸಲ ಖುದ್ದಾಗಿ ಬರುತ್ತಾರೆ, ಬೇರೆ ಪಂಪ್‌ಹೌಸುಗಳ ಪೂಜೆ ಮುಗಿಸಿಕೊಂಡು ಬರುತ್ತಾರೆ, ಕಾಯಬೇಕು.

ಹನ್ನೊಂದಕ್ಕೆ ಸರಿಯಾಗಿ ಯಜಮಾನ್ರು ಬಂದು ನನ್ನ ಮುಂದೆ ನಿಂತರು. ಹೊಸ ಬಿಳಿ ಪಂಚೆ ಉಟ್ಟಿದ್ದರು.

"ಮೂರ್ ಗಂಟೆ ಆಯ್ತು ಮೇಡಂ. ನಾವೇ ಆರತಿ ಎತ್ತಿ ಶುರು ಮಾಡ್ಲಾ?"

ಘಟಕದ ಎಂಜಿನಿಯರು ರಜೆಯಲ್ಲಿದ್ದರು. ಅಲ್ಲಿದ್ದವರಲ್ಲಿ ಹೌದು ಎನ್ನಬಲ್ಲವಳು ನಾನೊಬ್ಬಳೇ. ನಾನು ಹೇಳಿದ್ದು ಇಷ್ಟು: "ಸಾಹೇಬ್ರು ಬರ್ತಿದಾರೆ. ನಿಮ್ಮ ಫೈಲು ಅವ್ರ ಹತ್ರ ಇದೆ. ಅವ್ರು ಬರೋ ಮುಂಚೆ ಪೂಜೆ ಮುಗಿಸಿದ್ರೆ ಚೆನ್ನಾಗಿರಲ್ಲ. ಇನ್ನೊಂದರ್ಧ ಗಂಟೆ ನೋಡೋಣ."

ಅವರು ಹಲಗೆಯ ಕಡೆ ಒಂದು ಸಲ ನೋಡಿ ಹೊರಗೆ ಹೋದರು.

ಅವರ ಫೈಲಿನ ಮಾತು ಸುಳ್ಳಲ್ಲ. ಆದರೆ ನನ್ನ ಬಾಯಲ್ಲಿ ಅವರ ಫೈಲಿತ್ತು, ಮನಸ್ಸಿನಲ್ಲಿ ನನ್ನ ಅರ್ಜಿಯಿತ್ತು. ಅಂದು ರೇಷ್ಮೆ ಸೀರೆ ಉಟ್ಟುಕೊಂಡು ಹೋಗಿದ್ದೆ. ಪೂಜೆಯಾದ ಮೇಲೆ, ಸಾಹೇಬ್ರು ಪ್ರಸಾದ ತಿನ್ನುವಾಗ, ವರ್ಗದ ಮಾತು ತೆಗೆಯಬೇಕೆಂದು ಬಸ್ಸಿನಲ್ಲೇ ವಾಕ್ಯ ಜೋಡಿಸಿಕೊಂಡಿದ್ದೆ.

ಹನ್ನೆರಡೂವರೆಗೆ ಅವರು ಮತ್ತೆ ಬಂದರು. ನಾನು ಮತ್ತೆ ತಡೆದೆ. ಎರಡು ಗಂಟೆಗೆ ಬಂದವರು ಬಾಗಿಲಲ್ಲಿ ನಿಂತು ನನ್ನನ್ನು ನೋಡಿದರು. "ಬಂದೇಬಿಡ್ತಾರೆ" ಎಂದೆ.

ಸಾಹೇಬ್ರು ಬಂದದ್ದು ಮೂರೂವರೆ ದಾಟಿದ ಮೇಲೆ. ಹಣೆಯಲ್ಲಿ ಐದಾರು ಪೂಜೆಗಳ ಕುಂಕುಮ ಒಂದರ ಮೇಲೊಂದು ಒಣಗಿತ್ತು. ಮಂಗಳಾರತಿಯಾಯಿತು, ಕುಂಬಳಕಾಯಿ ಒಡೆಯಿತು. ಯಜಮಾನ್ರು ಕೈಮುಗಿದು ಹಸಿರು ಗುಂಡಿ ಒತ್ತಿದರು. ಬ್ಲೋವರ್ ಎದ್ದಿತು, ನಾಲ್ಕು ಸಲ ಗುಡುಗಿತು, ಟ್ರಿಪ್ ಆಗಿ ನಿಂತಿತು. ಮತ್ತೆ ಒತ್ತಿದರು, ಮತ್ತೆ ನಿಂತಿತು. ಎಂಟು ಗಂಟೆ ಹೊತ್ತು ಗಾಳಿಯಿಲ್ಲದೆ ಕೆಸರೆಲ್ಲ ತಳಕ್ಕೆ ಕೂತು, ಡಿಫ್ಯೂಸರುಗಳ ಸಣ್ಣ ರಂಧ್ರಗಳನ್ನು ಕಟ್ಟಿಬಿಟ್ಟಿತ್ತು. ಗಾಳಿಗೆ ಹೋಗಲು ದಾರಿಯಿರಲಿಲ್ಲ.

"ರಿಪೇರಿ ನೋಡ್ಕೊಳ್ರಪ್ಪ" ಎಂದು ಸಾಹೇಬ್ರು ಪುರಿಯ ಪೊಟ್ಟಣ ಹಿಡಿದು ಜೀಪು ಹತ್ತಿದರು. ವರ್ಗದ ಮಾತು ತೆಗೆಯಲು ನನಗೆ ಆಗಲಿಲ್ಲ.

ಯಜಮಾನ್ರು ಪಂಚೆ ಎತ್ತಿ ಕಟ್ಟಿ, ಒಂದೊಂದೇ ವಾಲ್ವು ಮುಚ್ಚಿ ತೆಗೆದು, ಗಾಳಿಯನ್ನು ಸ್ವಲ್ಪ ಸ್ವಲ್ಪವೇ ಬಿಟ್ಟು, ಕತ್ತಲಾಗುವ ಹೊತ್ತಿಗೆ ಅರ್ಧ ತೊಟ್ಟಿಯಲ್ಲಿ ಗುಳ್ಳೆ ಎಬ್ಬಿಸಿದರು. ಉಳಿದರ್ಧ ಮಲಗಿಯೇ ಇತ್ತು. ಗಾಯದ ಮೇಲೆ ಬರೆ ಎಳೆದ ಹಾಗೆ ಅದೇ ಸಂಜೆ ಹಬ್ಬದ ನೀರು ಬಂತು. ಜೆ.ಪಿ. ನಗರ, ಸಾರಕ್ಕಿಯ ಗ್ಯಾರೇಜು ವರ್ಕ್‌ಶಾಪುಗಳೆಲ್ಲ ಪೂಜೆಗೆಂದು ಯಂತ್ರಗಳನ್ನು ಸೀಮೆಎಣ್ಣೆಯಲ್ಲಿ ತೊಳೆದಿದ್ದರು. ಪ್ರತಿ ವರ್ಷವೂ ಅದು ಬರುತ್ತಿತ್ತು, ಗಟ್ಟಿಯಾಗಿದ್ದ ಜನ ತಡೆದುಕೊಳ್ಳುತ್ತಿದ್ದರು. ಈ ಸಲ ಉಸಿರುಕಟ್ಟಿದ್ದವರ ಮೇಲೆ ಎಣ್ಣೆಯ ಪದರ ಬಿತ್ತು.

ಮರುದಿನ ಬೆಳಿಗ್ಗೆ ಗೇಟಿಗಿಂತ ಬಹಳ ಮುಂಚೆ ವಾಸನೆ ಸಿಕ್ಕಿತು. ನಮ್ಮ ಮಾಮೂಲಿ ವಾಸನೆಯಲ್ಲ, ಕೊಳೆತ ಮೊಟ್ಟೆಯದು. ತೊಟ್ಟಿಯ ನೀರು ಮೊದಲು ಬೂದು ಬಣ್ಣಕ್ಕೆ ತಿರುಗಿ, ಎರಡು ದಿನದಲ್ಲಿ ಕಪ್ಪಾಯಿತು. ಹನಿ ಇಟ್ಟು ನೋಡಿದೆ. ಗಂಟೆ ಹೂಗಳ ಬಾಯಿ ಮುಚ್ಚಿತ್ತು, ಕೆಲವು ತೊಟ್ಟಿನಿಂದ ಕಳಚಿ ಸುಮ್ಮನೆ ತೇಲುತ್ತಿದ್ದವು. ಯಾವುದೂ ಅಲುಗಾಡುತ್ತಿರಲಿಲ್ಲ. ಬಾಗಿಲಲ್ಲಿ ಯಜಮಾನ್ರು ನಿಂತಿದ್ದರು. ಜನ ಹೇಗಿದ್ದಾರೆ ಎಂದು ಕೇಳಲಿಲ್ಲ. ನನ್ನ ಮುಖದಲ್ಲಿ ಓದಿಕೊಂಡು ಹೊರಟುಹೋದರು.

ನಮ್ಮ ನೀರು ಕಾಲುವೆ ಸೇರಿ ಕೆಳಗಿನ ಕೆರೆಗೆ ಹೋಗುತ್ತಿತ್ತು. ನಾಲ್ಕನೇ ದಿನ ಕೆರೆಯಲ್ಲಿ ಮೀನು ತೇಲಿದವು. ನೋಡಲು ಹೋಗಿದ್ದೆ. ದಡದುದ್ದಕ್ಕೂ ಬೆಳ್ಳಗೆ, ಹೊಟ್ಟೆ ಮೇಲಾಗಿ. ಮೀನು ಹಿಡಿಯುವವನೊಬ್ಬ ದೋಣಿಯಲ್ಲಿ ಕೂತು ಅವನ್ನು ಕೈಯಿಂದ ಹೆಕ್ಕಿ ಬುಟ್ಟಿಗೆ ಹಾಕುತ್ತಿದ್ದ. ಬೈಯುತ್ತಾನೆ ಎಂದು ಕಾದೆ. ನಾನು ಯಾರೆಂದು ಅವನಿಗೆ ಗೊತ್ತಿರಲಿಲ್ಲ.

ದುರಸ್ತಿಗೆ ಇದ್ದ ದಾರಿ ಒಂದೇ. ಒಳಬರುವ ನೀರನ್ನು ನಿಲ್ಲಿಸಿ, ತೊಟ್ಟಿ ಖಾಲಿ ಮಾಡಿ, ಡಿಫ್ಯೂಸರ್ ಕಿತ್ತು ತೊಳೆದು, ಬೇರೆ ಘಟಕದಿಂದ ಜೀವಂತ ಕೆಸರು ತಂದು ಹೆಪ್ಪು ಹಾಕಬೇಕು. ಮನೆಯ ಹೆಪ್ಪು ಕೆಟ್ಟರೆ ಪಕ್ಕದ ಮನೆಯಿಂದ ಒಂದು ಚಮಚ ಮೊಸರು ತರುತ್ತೇವಲ್ಲ, ಹಾಗೆ. ಆದರೆ ಅಷ್ಟು ದಿನವೂ ಊರಿನ ಕೊಳಚೆ ಬರೀ ಮಣ್ಣು ಹೂಳು ಇಳಿಸಿಕೊಂಡು ನೇರ ಕಾಲುವೆಗೆ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ. ಘಟಕ ನಿಂತಿದೆ ಎಂಬ ಸುದ್ದಿ ಹೊರಗೆ ಹೋಗಕೂಡದು, ಸುಮ್ಮನೆ ನಡೆಸಿಕೊಂಡು ಹೋಗಿ ಎಂದರು ಸಾಹೇಬ್ರು. ಹಾಗೆ ನಡೆಸಿದರೆ ತಿಂಗಳುಗಟ್ಟಲೆ ಕಪ್ಪು ನೀರೇ ಹೋಗುತ್ತಿತ್ತು. ಯಜಮಾನ್ರ ಜೊತೆ ಗೇಟ್ ವಾಲ್ವಿನ ಹತ್ತಿರ ನಿಂತು "ಮುಚ್ಚಿ" ಎಂದೆ. ಅವರು ಚಕ್ರ ತಿರುಗಿಸಿದರು. ದಿನಚರಿ ಪುಸ್ತಕದಲ್ಲಿ, ನನ್ನ ಸೂಚನೆಯ ಮೇರೆಗೆ ಮುಚ್ಚಲಾಗಿದೆ ಎಂದು ಬರೆದು ಸಹಿ ಹಾಕಿದೆ. ಆ ಸಹಿ ನನಗೆ ಕಷ್ಟವಾಗಲಿಲ್ಲ. ಧೈರ್ಯ ಬೇಕಾಗಿದ್ದ ಜಾಗ ಬೇರೆಯಿತ್ತು.

ಐದು ದಿನ ಡಿಫ್ಯೂಸರ್ ತೊಳೆದೆವು. ಲ್ಯಾಬಿನ ಆಸಿಡನ್ನು ನೀರಿಗೆ ಬೆರೆಸಿ ಬಿಲ್ಲೆಗಳನ್ನು ನೆನೆಸಿ, ತೆಂಗಿನ ನಾರಿನಲ್ಲಿ ತಿಕ್ಕಿ, ಒಂದೊಂದನ್ನೂ ಬಾಯಲ್ಲಿ ಊದುವಂತೆ ಗಾಳಿ ಬಿಟ್ಟು ನೋಡಿ ಮತ್ತೆ ಕೂರಿಸುವುದು. ಯಜಮಾನ್ರ ಬೆರಳ ತುದಿಗಳು ಸುಲಿದು ಕೆಂಪಾದವು. ಮಗಳು ಮೂಗು ಹಿಡಿಯುವುದು ಬಿಟ್ಟು ಅಜ್ಜಿಯ ಕೋಣೆಗೆ ಓಡತೊಡಗಿದಳು.

ಊರಿನ ಇನ್ನೊಂದು ತುದಿಯ ಘಟಕದಿಂದ ಹೆಪ್ಪಿನ ಟ್ಯಾಂಕರ್ ತರಿಸಿದೆವು. ಡ್ರೈವರ್ ದಾರಿಯಲ್ಲಿ ಊಟಕ್ಕೆ ನಿಲ್ಲಿಸಿದ್ದನಂತೆ, ಆಮೇಲೆ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡನಂತೆ. ಮುಚ್ಚಳ ತೆಗೆದರೆ ಕೊಳೆತ ಮೊಟ್ಟೆ. ಅಷ್ಟನ್ನೂ ಕೆಸರು ಒಣಗಿಸುವ ಮಡಿಗೆ ಸುರಿದೆವು. ನಾನು ಮೆಟ್ಟಿಲ ಮೇಲೆ ಕೂತು ಅತ್ತೆ, ಯಾರು ನೋಡಿದರೂ ನೋಡಲಿ ಎಂದು.

ಯಜಮಾನ್ರು ಪಕ್ಕಕ್ಕೆ ಬಂದು ನಿಂತು ಹೇಳಿದರು: "ಮೊಸರಿನ ಹೆಪ್ಪಾದ್ರೆ ಮುಚ್ಕೊಂಡ್ ಬರಬೋದು ಮೇಡಂ. ಇವ್ರನ್ನ ಹಂಗೆ ತರಕ್ಕಾಗಲ್ಲ. ದಾರಿ ಪೂರ್ತಿ ಉಸಿರು ಕೊಟ್ಕೊಂಡ್ ಬರ್ಬೇಕು."

ಕನಕಪುರ ರಸ್ತೆಯ ಪಂಕ್ಚರ್ ಅಂಗಡಿಯವನಿಂದ ಚಕ್ರಕ್ಕೆ ಗಾಳಿ ಹೊಡೆಯುವ ಕಂಪ್ರೆಸರನ್ನು ಒಂದು ದಿನಕ್ಕೆ ಕೇಳಿ ತಂದರು. ಪೆಟ್ರೋಲಿನದು. ಅದನ್ನು ಟ್ಯಾಂಕರಿನ ಮೇಲೆ ಹಗ್ಗದಲ್ಲಿ ಕಟ್ಟಿ, ಗಾಳಿಯ ಪೈಪನ್ನು ಒಳಗಿಳಿಸಿ, ಪಕ್ಕದಲ್ಲಿ ತಾವೇ ಕೂತು ಊರಿನ ಆ ತುದಿಯಿಂದ ಈ ತುದಿಗೆ ಬಂದರು. ಬನಶಂಕರಿಯ ಹತ್ತಿರ ಪೊಲೀಸಿನವರು ತಡೆದರಂತೆ.

"ಏನ್ರೀ ಅದು ಮೇಲೆ, ಫಟಫಟ ಅಂತ?"

"ಒಳಗೆ ಜನ ಇದಾರೆ ಸಾರ್. ಉಸಿರಾಡ್ಬೇಕಲ್ಲ."

ಪೊಲೀಸಿನವರು ಗಾಬರಿಯಾಗಿ ಹತ್ತಿ ಮುಚ್ಚಳದೊಳಗೆ ಮೂಗಿಟ್ಟರು. ಆಮೇಲೆ ಮೂಗು ಮುಚ್ಚಿಕೊಂಡೇ ಬಿಟ್ಟು ಕಳಿಸಿದರು. ಇದನ್ನು ಹೇಳುವಾಗ ಯಜಮಾನ್ರು ನಕ್ಕರು. ಹಬ್ಬದ ನಂತರ ಅವರು ನಕ್ಕಿದ್ದು ಅದೇ ಮೊದಲು. ಆ ಹೆಪ್ಪನ್ನು ಒಂದೇ ಓಣಿಗೆ ಸುರಿದೆವು, ಸಾರಕ್ಕಿಯ ಹಸು ಸಾಕುವವರಿಂದ ತಂದ ಸಗಣಿ ನೀರು ಬೆರೆಸಿದೆವು, ಕೊಳಚೆಯನ್ನು ಕಾಲು ಭಾಗ ಮಾತ್ರ ಬಿಟ್ಟೆವು. ಕಾಯುವುದೊಂದೇ ಉಳಿದಿತ್ತು.

ಕಾಯುತ್ತಿದ್ದ ಆ ದಿನಗಳಲ್ಲೇ ಸಾಹೇಬ್ರು ನನ್ನನ್ನು ಕಚೇರಿಗೆ ಕರೆಸಿದರು. ಮೀನಿನ ವಿಷಯ ಮೇಲಿನವರೆಗೆ ಹೋಗಿತ್ತು. ಕಾರಣವೇನೆಂದು ಕೆಮಿಸ್ಟ್ ವರದಿ ಕೊಡಬೇಕಿತ್ತು.

"ನೋಡಮ್ಮಾ, ಪೂಜೆ ಗೀಜೆ ಅಂತೆಲ್ಲಾ ಬರೀಬೇಡ. ಕೇಳೋರಿಗೆ ನಗೆಪಾಟಲು. ಯಂತ್ರದ ತೊಂದ್ರೆ ಅಂತ ಬರಿ. ನಿಜಾನೇ ಅಲ್ವಾ, ಟ್ರಿಪ್ ಆಗಿದ್ದು? ಎಲ್ರಿಗೂ ಒಳ್ಳೇದು." ಎದುರಿನ ಫೈಲುಗಳನ್ನು ಸರಿಸುತ್ತಾ ಸೇರಿಸಿದರು: "ನಿನ್ ಟ್ರಾನ್ಸ್‌ಫರ್ ಅರ್ಜಿ ಇಲ್ಲೇ ಇದೆ. ನೋಡ್ತೀನಿ."

ಬೆದರಿಕೆಯ ಧ್ವನಿಯಿರಲಿಲ್ಲ. ಇದ್ದಿದ್ದರೆ ನನಗೆ ಸಿಟ್ಟು ಬರುತ್ತಿತ್ತು, ಸಿಟ್ಟು ಬಂದಿದ್ದರೆ ಸರಿಯಾಗಿ ಬರೆಯುತ್ತಿದ್ದೆನೇನೋ. ಅಲ್ಲೇ ಹೊರಗಿನ ಬೆಂಚಿನಲ್ಲಿ ಕೂತು ಬರೆದೆ. ಬ್ಲೋವರ್ ಪುನರಾರಂಭದ ವೇಳೆ ಟ್ರಿಪ್ ಆಯಿತು, ಡಿಫ್ಯೂಸರ್ ಕಟ್ಟಿಕೊಂಡಿತ್ತು, ಎಣ್ಣೆಯಂಶದಿಂದ ಜೀವಿಗಳು ನಾಶವಾದವು. ಒಂದಕ್ಷರವೂ ಸುಳ್ಳಲ್ಲ. ಬ್ಲೋವರ್ ಯಾಕೆ ನಿಂತಿತ್ತು, ಹನ್ನೊಂದಕ್ಕೆ ಯಾರು ಶುರು ಮಾಡಲೇ ಎಂದು ಕೇಳಿದರು, ಬೇಡ ಎಂದವರು ಯಾರು, ಇದಾವುದೂ ಅದರಲ್ಲಿರಲಿಲ್ಲ. ಯಂತ್ರದ ತಪ್ಪು ಎಂದರೆ ಯಾವ ಮನುಷ್ಯನಿಗೂ ತಗಲುವುದಿಲ್ಲ, ಯಜಮಾನ್ರೂ ಉಳಿಯುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಯಂತ್ರಕ್ಕೊಬ್ಬ ಆಪರೇಟರ್ ಇರುತ್ತಾನೆ ಎಂಬುದು ಕೆಮಿಸ್ಟಿಗೆ ಗೊತ್ತಿಲ್ಲದ ವಿಷಯವೇನಲ್ಲ. ದಿನಚರಿಯಲ್ಲಿ ಅವರು ತಮ್ಮ ವಾಡಿಕೆಯಂತೆ ವೇಳೆ ಮಾತ್ರ ಬರೆದಿದ್ದರು: ಎಂಟಕ್ಕೆ ನಿಲುಗಡೆ, ಮೂರು ಐವತ್ತಕ್ಕೆ ಶುರು. ವಿಚಾರಣೆ ಮಾಡಿದವರು ಆ ಪುಸ್ತಕವನ್ನೂ ನನ್ನ ವರದಿಯನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದರು. ಎಂಟು ಗಂಟೆ ಬ್ಲೋವರ್ ನಿಲ್ಲಿಸಿದವರೆಂದು ಅವುಗಳಲ್ಲಿ ಕಂಡದ್ದು ಯಜಮಾನ್ರೊಬ್ಬರೇ.

ಹೆಪ್ಪು ಹಾಕಿದ ಹದಿನಾಲ್ಕನೇ ದಿನ, ಬೆಳಿಗ್ಗೆ, ಕಂದು ಬಣ್ಣದ ಒಂದು ಚೂರಿನ ಅಂಚಿನಲ್ಲಿ ಗಂಟೆ ಹೂ ಕಂಡಿತು. ಒಂದೇ ಒಂದು. ಬಾಯಿ ತೆರೆಯಿತು, ಮುದುಡಿತು, ತೆರೆಯಿತು. ಬಾಗಿಲ ಕಡೆ ತಿರುಗಿದೆ, ಯಾರೂ ಇರಲಿಲ್ಲ. ಬ್ಲೋವರ್ ಮನೆಗೆ ಓಡಿದೆ. ಅಲ್ಲಿ ಬೇರೊಬ್ಬ ಆಪರೇಟರ್ ಕೂತಿದ್ದ.

"ಯಜಮಾನ್ರನ್ನ ಬಿಡಿಸಿದ್ರಲ್ಲ ಮೇಡಂ. ನಿನ್ನೆ ಸಂಜೆ ಆರ್ಡರ್ ಬಂತು. ಬೆಳಿಗ್ಗೆ ಕೀ ಕೊಟ್ಟು ಹೋದ್ರು" ಎಂದ. ಅವನ ಹಿಂದೆ ಹಲಗೆಯ ಮೇಲೆ ನನ್ನ ಅಕ್ಷರದಲ್ಲಿ ಮೂರು ಗಂಟೆ ಎಂದು ಹಾಗೇ ಇತ್ತು. ಅದನ್ನು ಯಾರೂ ಅಳಿಸಿರಲಿಲ್ಲ. ನಾನೇ ಸೀರೆಯ ಸೆರಗಿನಿಂದ ಒರೆಸಿದೆ.

ಸಾಹೇಬ್ರ ಹತ್ತಿರ ಹೋಗಿ ಇದ್ದದ್ದನ್ನು ಬಾಯಲ್ಲಿ ಹೇಳಿದೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು. "ಮುಗಿದಿದ್ದನ್ನ ಯಾಕಮ್ಮಾ ಕೆದಕ್ತೀಯಾ" ಎಂದರು. ಬರವಣಿಗೆಯಲ್ಲಿ ಕೊಡುತ್ತೇನೆ ಎನ್ನಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಎರಡು ತಿಂಗಳಲ್ಲಿ ವರ್ಗವಾಯಿತು. ಜಯನಗರದ ಲ್ಯಾಬಿಗೆ ಮನೆಯಿಂದ ನಡೆದೇ ಹೋಗಬಹುದಿತ್ತು. ಮಗಳು ಬಾಗಿಲಲ್ಲೇ ಅಪ್ಪಿಕೊಳ್ಳತೊಡಗಿದಳು. ಪ್ರತಿ ಸಲವೂ ನನ್ನ ಸೆರಗಿನಲ್ಲಿ ಸೀಮೆಸುಣ್ಣದ ಪುಡಿಯಿದೆಯೇನೋ ಎಂದು ನೋಡಿಕೊಳ್ಳುತ್ತಿದ್ದೆ.

ಏಳೆಂಟು ವರ್ಷ ಕಳೆಯಿತು. ಅಷ್ಟರಲ್ಲಿ ದೊಡ್ಡ ಅಪಾರ್ಟ್‌ಮೆಂಟುಗಳೆಲ್ಲ ತಮ್ಮ ಕೊಳಚೆಯನ್ನು ತಾವೇ ಶುದ್ಧ ಮಾಡಿಕೊಳ್ಳುವ ಕಾಲ ಬಂದಿತ್ತು. ನೆಲಮಾಳಿಗೆಯಲ್ಲಿ ಒಂದು ಪುಟ್ಟ ತೊಟ್ಟಿ, ಒಂದು ಪುಟ್ಟ ಬ್ಲೋವರ್. ಸ್ಯಾಂಪಲ್ ತೆಗೆಯಲು ನಾವು ಹೋಗುತ್ತಿದ್ದೆವು. ಒಂದು ವಿಜಯದಶಮಿಯ ಮರುದಿನ ಜೆ.ಪಿ. ನಗರದ ಒಂದು ಅಪಾರ್ಟ್‌ಮೆಂಟಿನ ನೆಲಮಾಳಿಗೆಗೆ ಇಳಿದೆ. ಓಡುತ್ತಿದ್ದ ಬ್ಲೋವರಿನ ಮೇಲೆ ಬಾಡಿದ ಸೇವಂತಿಗೆ ಹಾರ ನಡುಗುತ್ತಿತ್ತು. ಅದರ ಪಕ್ಕದಲ್ಲಿ ಸ್ಟೂಲಿನ ಮೇಲೆ ಯಜಮಾನ್ರು ಕೂತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಅಯ್ಯೋ, ಮೇಡಮ್ಮೋರು!" ಎಂದು ಎದ್ದು ಸ್ಟೂಲು ಒರೆಸಿ ನನಗೆ ಕೊಟ್ಟರು. ಮಗಳು ಎಷ್ಟನೇ ಕ್ಲಾಸು ಎಂದು ಕೇಳಿದರು. ಹಾರದ ಕಡೆ ನಾನು ನೋಡುವುದನ್ನು ಕಂಡು, "ಇಲ್ಲಿ ಓಡ್ತಿರೋದಕ್ಕೇ ಪೂಜೆ. ನಿಲ್ಸಲ್ಲ. ಶಾಸ್ತ್ರ ಅಲ್ಲ ಅಂತ ಸೆಕ್ರೆಟರಿ ಸಾರ್ ಬೈದ್ರು. ಬೈಕೊಳ್ಳಿ ಬಿಡಿ" ಎಂದರು.

ಬಿಡಿಸಿದ ಮೇಲೆ ಎಲ್ಲಿದ್ದಿರಿ ಎಂದು ಕೇಳಿದೆ. ಅಲ್ಲಿ ಇಲ್ಲಿ ಎಂದರು. ಆಮೇಲೆ ಬಾಟಲಿಗೆ ನೀರು ಹಿಡಿಯುತ್ತಾ, ಬಹಳ ದಿನದಿಂದ ಇಟ್ಟುಕೊಂಡಿದ್ದ ಮಾತಿನ ಹಾಗೆ ಕೇಳಿದರು.

"ಒಂದ್ ಮಾತು ಮೇಡಂ, ಬೇಜಾರ್ ಮಾಡ್ಕೋಬೇಡಿ. ನೀವು ರಿಪೋರ್ಟಲ್ಲಿ ಹನ್ನೊಂದು ಗಂಟೆ ವಿಷ್ಯ ಬರ್ದಿದ್ರಲ್ಲ, ನಾನು ಶುರು ಮಾಡ್ಲಾ ಅಂತ ಕೇಳಿದ್ದು. ಅದನ್ನ ಅವ್ರು ಓದ್ಲೇ ಇಲ್ವಾ, ಇಲ್ಲಾ ಓದೀನೂ ಬಿಟ್ಬಿಟ್ರಾ?"

"ನಾನು ಅದನ್ನ ಬರೀಲಿಲ್ಲ ಯಜಮಾನ್ರೇ" ಎಂದೆ.

ಬ್ಲೋವರಿನ ಸದ್ದಿನಲ್ಲಿ ಕೇಳಿಸಲಿಲ್ಲ. "ಏನಂದ್ರಿ?" ಎಂದು ಕಿವಿಯನ್ನು ಹತ್ತಿರ ತಂದರು. ಎರಡನೇ ಸಲ ನಾನು ಅದನ್ನು ಕೂಗಿ ಹೇಳಬೇಕಾಯಿತು.

ಅವರು ನೆಟ್ಟಗಾದರು.

"ಹೌದಾ" ಎಂದರು. "ಎನ್‌ಕ್ವೈರೀಲಿ ನನ್ನೂ ಕೇಳಿದ್ರು. ನಾನ್ ಹೇಳೋದೇನಿದೆ ಸಾರ್, ಮೇಡಂ ರಿಪೋರ್ಟಲ್ಲಿ ಎಲ್ಲಾ ಇರತ್ತೆ ಅಂದೆ. ಮನೇಲೂ ಅದನ್ನೇ ಹೇಳ್ತಿದ್ದೆ. ಅವ್ರು ಬರೀದೆ ಇರಲ್ಲ, ಮೇಲಿನೋರೇ ನೋಡಿಲ್ಲ ಅಂತ."

ಕ್ಷಮಿಸಿ ಎನ್ನಬೇಕೆಂದು ಅಷ್ಟು ವರ್ಷ ತಯಾರು ಮಾಡಿಕೊಂಡಿದ್ದ ಮಾತುಗಳಲ್ಲಿ ಒಂದೂ ಆಗ ಬಾಯಿಗೆ ಬರಲಿಲ್ಲ. ಅವರು ಬಾಟಲಿಯ ಮುಚ್ಚಳ ಬಿಗಿ ಮಾಡಿ, ಹೆಗಲ ಟವೆಲಿನಲ್ಲಿ ಸುತ್ತಲೂ ಒರೆಸಿ ನನ್ನ ಕೈಗೆ ಕೊಟ್ಟರು. "ಮೆಟ್ಟಿಲು ಜಾರತ್ತೆ, ಹುಷಾರಾಗಿ ಹತ್ತಿ" ಎಂದು ವಾಲ್ವಿನ ಕಡೆ ಹೋದರು.

ಲ್ಯಾಬಿನಲ್ಲಿ ಒಂದು ಹನಿ ಇಟ್ಟು ನೋಡಿದೆ. ಗಂಟೆ ಹೂಗಳು ಗೊಂಚಲು ಗೊಂಚಲಾಗಿದ್ದವು, ಎಲ್ಲವೂ ಬಾಯಿ ತೆರೆದು. ಅಂಥ ಆರೋಗ್ಯದ ಕೆಸರನ್ನು ನಾನು ಬಹಳ ವರ್ಷದಿಂದ ಕಂಡಿರಲಿಲ್ಲ. ಅಪಾರ್ಟ್‌ಮೆಂಟಿಗೆ ವರದಿ ಕಳಿಸಿದೆ, ಷರಾದಲ್ಲಿ ನಿರ್ವಹಣೆ ಅತ್ಯುತ್ತಮ ಎಂದು ಬರೆದೆ. ಅದು ಸೆಕ್ರೆಟರಿಯ ಕೈಗೆ ಹೋಗಿರುತ್ತದೆ. ಬಾಟಲಿ ಕೊಡುವಾಗ ಯಜಮಾನ್ರು ಮೆಟ್ಟಿಲು ಜಾರುತ್ತದೆ ಎಂದು ಎಚ್ಚರಿಸಿದ್ದರು. ಜನ ಹೆಂಗಿದಾರೆ ನೋಡಿ ಹೇಳಿ ಎಂದು ಮಾತ್ರ ಅನ್ನಲಿಲ್ಲ.